ನೀಲಿ ಮುಚ್ಚಳದ ಬಾಟಲಿ

ಏಳನೆಯ ಬಾಟಲಿಯ ಮುಚ್ಚಳ ಮಾತ್ರ ನೀಲಿ. ಉಳಿದ ಹದಿನೇಳೂ ಬಿಳಿ. ಮೊನ್ನೆ ಹಳೆಯ ನೋಟ್‌ಬುಕ್ ಎಳೆದಾಗ ಆ ಬಾಟಲಿ ಕಪಾಟಿನಿಂದ ಉರುಳಿ ಬಿತ್ತು. ನೋಟ್‌ಬುಕ್ ಬೇಕಾಗಿದ್ದು ಧಾರವಾಡದ ವಿದ್ಯಾರ್ಥಿನಿಯೊಬ್ಬಳಿಗೆ. ನನ್ನ ಲೇಖನದ ಮೂಲ ಅಳತೆಗಳನ್ನು ಕೇಳಿದ್ದಳು. ಏಳನೆಯ ಬಾವಿಯಿಂದಲೇ ತನ್ನ ಸಂಶೋಧನೆ ಶುರು ಮಾಡುವಳಂತೆ.

ನಾಲ್ಕು ವರ್ಷದ ಹಿಂದೆ ಬಾವಿಗಳ ಉಪ್ಪು ಅಳೆಯಲು ಟಿಕೋಟಾ, ಬಬಲೇಶ್ವರ ಸುತ್ತುತ್ತಿದ್ದೆ. ಖಾಲಿ ಬಾಟಲಿಗಳ ಚೀಲ ಕಂಡು ಬಸ್ಸಿನ ಕಂಡಕ್ಟರ್ ಕೇಳಿದ್ದ: "ಎಣ್ಣಿ ಮಾರಾಕ ಹೊಂಟೀರೇನ್ರಿ?" ಹೌದೆಂದುಬಿಟ್ಟೆ. ಸಂಶೋಧನೆ ಎಂದರೆ ಇನ್ನೂ ನಾಲ್ಕು ಮಾತಾಡಬೇಕಲ್ಲ!

ಏಳನೆಯ ಬಾವಿ ಬಬಲೇಶ್ವರದ ಗೌರವ್ವಾಯಿಯ ತೋಟದ್ದು, ತುಂಬಿದ ಕೆರೆಯ ಪಕ್ಕದಲ್ಲೇ; ಅಂದು ಮೋಟರಿಗೆ ಕರೆಂಟ್ ಇರಲಿಲ್ಲ. "ಬಾಟ್ಲಿ ಬಿಟ್ಟು ಹೋಗಬೇ, ತುಂಬಿಸಿಡ್ತೀನಿ" ಎಂದಳು. ಮರುದಿನ ತುಂಬಿದ ಬಾಟಲಿ ಸಿಕ್ಕಿತು. ಬಿಳಿ ಮುಚ್ಚಳ ಕಳೆದು, ಯಾವುದೋ ಎಣ್ಣೆ ಬಾಟಲಿಯ ನೀಲಿ ಮುಚ್ಚಳ ಬಂದಿತ್ತು. ನಾನೇನೂ ಕೇಳಲಿಲ್ಲ. ಆ ನೀರಿನಲ್ಲಿ ಉಪ್ಪು ತೀರ ಕಡಿಮೆ. ಕೆರೆ ತುಂಬಿದರೆ ಹತ್ತಿರದ ಬಾವಿ ಸಿಹಿಯಾಗುತ್ತದೆ ಎಂಬ ನನ್ನ ವಾದ ನಿಂತದ್ದೇ ಅದರ ಮೇಲೆ. ನನ್ನ ಈಗಿನ ಕಾಲೇಜಿನ ಕೆಲಸ ಸಿಕ್ಕಿದ್ದು ಆ ಲೇಖನದಿಂದ.

ಅಚ್ಚಾದ ಪ್ರತಿ ಹಿಡಿದು ಹೋದಾಗ ಆಯಿ ಕುಡಿಯಲು ನೀರು ಕೊಟ್ಟಳು.

"ನಿಮ್ಮ ಬಾವಿ ನೀರು ಭಾಳ ಸಿಹಿರಿ ಆಯಿ."

"ಬಾವೀದೆಲ್ಲಿ ಬಂತು! ಅದು ಸವುಳು, ಬರೀ ಉಪ್ಪು, ದನಾನೂ ಮೂತಿ ತಿರುವತಾವ. ಇದು ನಳದ್ದು. ನಿನ್ನ ಬಾಟ್ಲಿಗೂ ಇದನ್ನs ತುಂಬಿದ್ನಿ. ಅಷ್ಟು ದೂರದಿಂದ ಬಂದ ಹುಡುಗಿಗಿ ಸವುಳ ನೀರು ಕೊಟ್ಟು ಕಳಸೂದೇನು?"

ಅಂದು ಸಂಜೆ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದೆ: ‘ಬಾವಿಯದಲ್ಲ, ನಳದ ನೀರು.’ ಬರೆದದ್ದು ಪೆನ್ಸಿಲಿನಲ್ಲಿ. ಯಾಕೆಂದು ನೀವು ಊಹಿಸಬಲ್ಲಿರಿ. ತರಗತಿಯಲ್ಲಿ ಮಾತ್ರ, ತಪ್ಪಿದ ಅಳತೆಯನ್ನು ಅಳಿಸಬೇಡಿ ಎಂದು ಮಕ್ಕಳಿಗೆ ಇಂದಿಗೂ ಹೇಳುತ್ತೇನೆ.

ಧಾರವಾಡದ ವಿದ್ಯಾರ್ಥಿನಿಗೆ ಮೊನ್ನೆ ‘ನೋಟ್‌ಬುಕ್ ಸಿಗುತ್ತಿಲ್ಲ’ ಎಂದು ಬರೆಯತೊಡಗಿದೆ. ನೋಟ್‌ಬುಕ್ ಮೊಣಕೈ ಕೆಳಗೇ ಇತ್ತು. ಅವಳೂ ನಳದ ನೀರಿನ ಮೇಲೆ ವರ್ಷಗಟ್ಟಲೆ ದುಡಿಯಬೇಕೇ? ಬರೆದದ್ದನ್ನು ಅಳಿಸಿ, ಭಾನುವಾರ ಬಬಲೇಶ್ವರದ ಬಸ್ಸು ಹತ್ತಿದೆ.

"ನನ್ನಿಂದ ನಿನ್ನ ಕೆಲಸ ಕೆಟ್ಟತೇನಬೇ?" ವಿಷಯ ಕೇಳಿ ಆಯಿಯ ಮುಖ ಸಣ್ಣಗಾಯಿತು.

"ಕೇಳದs ಬರದಾಕಿ ನಾನ್ರಿ. ತಪ್ಪು ತಿದ್ದಿ ಬರಿಯೂವಾಗ ನಿಮ್ಮ ಹೆಸರು ಹಾಕೂದಿಲ್ಲ."

"ಯಾಕ? ನಾ ಏನ್ ಕಳವು ಮಾಡೀನೇನು? ಗೌರವ್ವ ಸವುಳ ನೀರು ಕೊಡ್ಲಿಲ್ಲ ಅಂತ ಬರಿ." ಮೋಟರ್ ಚಾಲೂ ಮಾಡಿದಳು. "ಈ ಸಲ ನೀನs ಹಿಡಕೋ."

ಹಿಡಿದೆ. ಒಂದು ಹನಿ ನಾಲಿಗೆಗೂ ಹಚ್ಚಿಕೊಂಡೆ. ಉಪ್ಪು.

ಮರುದಿನ ಬೆಳಿಗ್ಗೆ ಪೆನ್ಸಿಲ್ ಅಕ್ಷರದ ಕೆಳಗೆ ಅದೇ ಮಾತನ್ನು, ಆಯಿ ಹೇಳಿದ್ದನ್ನೂ ಸೇರಿಸಿ, ಶಾಯಿಯಲ್ಲಿ ಬರೆದು, ಅಂದಿನ ತಾರೀಖು ಹಾಕಿದೆ. ನನ್ನ ವಾದ ನಿಲ್ಲುವುದಿಲ್ಲವೆಂದು ಲೇಖನ ಅಚ್ಚಾದ ಪತ್ರಿಕೆಗೆ ತಿಳಿಸಿದೆ. ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ನೋಡುವಂತೆ ಜಾಲತಾಣಕ್ಕೆ ಏರಿಸಿ, ಧಾರವಾಡಕ್ಕೂ ಕಳಿಸಿದೆ. ಏಳನೆಯ ಬಾವಿಯ ಪುಟ ಬಂದಾಗ ಮಾತ್ರ, ನೀಲಿ ಮುಚ್ಚಳವನ್ನೂ, ಬರಹ ಮುಚ್ಚದಂತೆ, ಅದರ ಮೂಲೆಯಲ್ಲಿ ಇಟ್ಟು ಸ್ಕ್ಯಾನ್ ಮಾಡಿದೆ.