ಅಂಬಾರೊ ಕಟ್ಟಿದ ಎರಡನೆಯ ಪದ್ಯ

ಬುರಾವ್ ಪಟ್ಟಣದ ಸುತ್ತಿನ ಬಯಲಿನಲ್ಲಿ ಅಂಬಾರೊಳ ಬಾಯಿಗೆ ಗಂಡಸರೂ ಹೆದರುತ್ತಿದ್ದರು. ಓದು ಬರಹ ಬಾರದ ಹೆಂಗಸು. ಆದರೆ ಅವಳು ಒಂದು ಪದ್ಯ ಕಟ್ಟಿದರೆ ವಾರದೊಳಗೆ ಅದು ಒಂಟೆ ಕಾಯುವವರೆಲ್ಲರ ಬಾಯಲ್ಲಿ ಇರುತ್ತಿತ್ತು.

ದೊಡ್ಡ ಯುದ್ಧ ಮುಗಿದ ಮರುವರ್ಷ, ಬಾವಿಯ ಸರದಿಗಾಗಿ ಆಚೆ ಕುಲದವರೊಡನೆ ನಡೆದ ಜಗಳದಲ್ಲಿ ಅವಳ ತಮ್ಮ ಗುಂಡೇಟಿಗೆ ಸತ್ತ. ಅಂಬಾರೊ ಅಳಲಿಲ್ಲ, ಪದ್ಯ ಕಟ್ಟಿದಳು. ಸೇಡು ತೀರಿಸಲಾರದ ಗಂಡಸರು ಬಂದೂಕನ್ನು ಹೆಂಗಸರ ಕೈಗೆ ಕೊಟ್ಟು ಒಲೆ ಊದಲಿ ಎಂದಳು. ಕೇಳಿದ ಅವಳ ಕುಲದ ಗಂಡಸರಿಗೆ ತಲೆ ಎತ್ತಿ ಓಡಾಡಲು ಆಗಲಿಲ್ಲ. ನಾಲ್ಕನೆಯ ದಿನ ಹೋಗಿ ಆಚೆ ಕುಲದ ಗುಲೇದ್ ಎಂಬುವವನನ್ನು ಕೊಂದು ಬಂದರು. ಜಗಳದ ದಿನ ಗುಲೇದ್ ಊರಲ್ಲೇ ಇರಲಿಲ್ಲ, ಉಪ್ಪು ತರಲು ಹೋಗಿದ್ದ ಎಂಬುದು ಆಮೇಲೆ ತಿಳಿಯಿತು. ಅಂದಿನಿಂದ ಅಂಬಾರೊಗೆ ಅನ್ನ ರುಚಿಸಲಿಲ್ಲ.

ಎರಡೂ ಕುಲದ ಹಿರಿಯರು ಜಾಲಿಮರದ ಕೆಳಗೆ ರಾಜಿಗೆ ಕೂತರು. ಅಲ್ಲಿ ಹೆಂಗಸರಿಗೆ ಮಾತಿಲ್ಲ, ಆದರೆ ಪದ್ಯಕ್ಕೆ ತಡೆಯಿಲ್ಲ. ಅಂಬಾರೊ ಹೊರಗೆ ನಿಂತೇ ಹೊಸ ಪದ್ಯ ಹೇಳಿದಳು: ಗುಂಡು ಹಾರಿದ್ದು ಬಂದೂಕಿನಿಂದಲ್ಲ, ನನ್ನ ನಾಲಿಗೆಯಿಂದ, ನನ್ನ ತಾಯಿ ಅತ್ತ ದನಿಯೂ ಗುಲೇದನ ತಾಯಿ ಅತ್ತ ದನಿಯೂ ಬೇರೆಯಲ್ಲ. ಹಿರಿಯರು ತಲೆ ತಗ್ಗಿಸಿದರು. ಗುಲೇದನ ತಾಯಿ ಕಿನ್ಸಿ ಮಾತ್ರ ನೇರವಾಗಿ ಎದುರಿಗೆ ಬಂದು ನಿಂತಳು.

"ಇದೆಲ್ಲಾ ಸರಿ ಕಣಕ್ಕ. ನಿನ್ನ ಮೊದಲ್ನೇ ಪದ್ಯ ನನ್ನ ಮೊಮ್ಮಕ್ಕಳ ಬಾಯಲ್ಲೂ ಐತೆ. ಇದನ್ನ ಯಾರು ಹೇಳ್ಕೊಂಡು ತಿರುಗ್ತಾರೆ?"

ಅಂಬಾರೊ ತಾನೇ ತಿರುಗಿದಳು. ಬಾವಿಯಿಂದ ಬಾವಿಗೆ, ನಡೆದೇ ಹೋದಳು. ಎಲ್ಲೆಡೆ ಜನಕ್ಕೆ ಹಳೆಯದೇ ಬೇಕಿತ್ತು. ಒಂದು ಕಡೆ ಪಡ್ಡೆ ಹುಡುಗನೊಬ್ಬ, ಇದು ಉಪ್ಪಿಲ್ಲದ ಸಾರು, ಆ ಖಾರದ್ದು ಹೇಳಜ್ಜಿ ಎಂದು ಛೇಡಿಸಿದ.

"ಆ ಖಾರ ತಿಂದೋನು ಮಣ್ಣಲ್ಲವ್ನೆ ಮಗ," ಎಂದು ಅವಳು ಹೊಸದನ್ನೇ ಮತ್ತೆ ಮೊದಲಿನಿಂದ ಹೇಳಿದಳು.

ಮೂರನೆಯ ವರ್ಷ ಕಿನ್ಸಿಯ ಬಾವಿಗೆ ಬಂದಳು. ಒಂಟೆಗಳಿಗೆ ನೀರು ಸೇದುತ್ತಲೇ ಕಿನ್ಸಿ ಪೂರ್ತಿ ಕೇಳಿದಳು.

"ಪದ್ಯದಲ್ಲಿ ಎತ್ತರದ ಆಳು ಅಂದಿದೀಯಲ್ಲ, ತಪ್ಪು. ನನ್ನ ಮಗ ಗಿಡ್ಡ. ನಡೀವಾಗ ಶಿಳ್ಳೆ ಹಾಕ್ತಿದ್ದ."

ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಆ ಸಾಲನ್ನು ಬಿಚ್ಚಿದರು. ಗಿಡ್ಡ ಎಂಬುದಕ್ಕೆ ಪ್ರಾಸ ಕೂಡಲಿಲ್ಲ. ಹೊತ್ತು ಏರುವವರೆಗೂ ಪದ ಹುಡುಕಿದರು. ಸಿಕ್ಕಿದ್ದು ಕಿನ್ಸಿಗೆ.

ಕ್ಷಮಿಸಿದೆ ಎಂದು ಕಿನ್ಸಿ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅಂಬಾರೊ ಹೊರಟು ನಿಂತಾಗ, ಮುಂದಿನ ಬಾವಿಯವರು ತನ್ನ ತವರಿನವರು, ಅವಳೊಬ್ಬಳೇ ಹೋದರೆ ನೀರೂ ಕೊಡುವುದಿಲ್ಲ ಎಂದು ಗೊಣಗುತ್ತ, ಸೆರಗು ಹೊದ್ದು ಅವಳ ಜೊತೆ ಹೊರಟಳು.