ಹುಳವಿಲ್ಲದ ಎಲೆಕೋಸು

ನಿಡಗುಂದಿಯ ನಮ್ಮ ಹಿತ್ತಲಲ್ಲಿ ಹೋದ ವರ್ಷ ನಾನು ಎಲೆಕೋಸು ಬೆಳೆದದ್ದು ಓಣಿಯವರೆಲ್ಲ ಖಾಲಾ ಎನ್ನುವ ಪಕ್ಕದ ಮನೆಯ ಹಿರಿಯಾಕೆ ಕೊಟ್ಟ ಸಸಿಗಳಿಂದ. ಹುಳ ಬಿದ್ದರೆ ಒಲೆಯ ಬೂದಿ ಉದುರಿಸು, ಸಾಕು ಎಂದಿದ್ದರು. ಉದುರಿಸಿದೆ. ಆದರೂ ಗಡ್ಡೆ ಬಲಿಯುವ ಹೊತ್ತಿಗೆ ಹೊರಗಿನ ಎಲೆಗಳೆಲ್ಲ ಜರಡಿಯಾದವು. ನನಗೆ ಸಿಟ್ಟು ನೆತ್ತಿಗೇರಿತು. ಹೊಲದಲ್ಲಿ ತೊಗರಿಗೆ ಹೊಡೆದು ಉಳಿದಿದ್ದ ಕ್ರಿಮಿನಾಶಕ ತಂದು ಎಲ್ಲ ಗಿಡಗಳಿಗೂ ಹೊಡೆದೆ. ಖಾಲಾಗೆ ಹೇಳಲಿಲ್ಲ.

ಮೂರನೆಯ ದಿನ ಅವರು ಬೇಲಿಯ ಹತ್ತಿರ ಬಂದು ಗಡ್ಡೆಗಳನ್ನು ನೋಡಿ ಹಿಗ್ಗಿದರು. ಸಸಿ ಕೊಟ್ಟವರಿಗೆ ಮೊದಲ ಗಡ್ಡೆ ಸಲ್ಲಬೇಕು. ಇನ್ನೆರಡು ವಾರ ಇದನ್ನು ತಿನ್ನಬಾರದು ಎನ್ನಲು ನನಗೆ ಬಾಯಿ ಬರಲಿಲ್ಲ. ಕೊಯ್ದು ಬೋಗುಣಿಯಲ್ಲಿಟ್ಟು ಕೊಟ್ಟೆ. ತೊಳೆದು ಬೇಯಿಸಿಯೇ ತಿನ್ನುತ್ತಾರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಮ್ಮ ಓಣಿಯಲ್ಲಿ ಯಾರೂ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ಮಧ್ಯಾಹ್ನ ಖಾಲಾ ಬೋಗುಣಿಯಲ್ಲಿ ಪಚಡಿ ತಂದರು. ಅದೇ ಎಲೆಕೋಸನ್ನು ಹಸಿಯಾಗಿಯೇ ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ ಕಲಸಿದ್ದರು.

"ಮೊಮ್ಮಗಳು ರೊಟ್ಟಿ ಕೂಡ ಎರಡ ಸಲ ಹಾಕ್ಸಿಕೊಂಡು ತಿಂದ್ಲವಾ. ಒಂದ ಹುಳಾ ಇಲ್ಲ ನೋಡು! ನಿನ್ನ ಕೈಗುಣ ಭಾಳ ಛಲೋ ಐತಿ."

ಯಾರಿಗೂ ಏನೂ ಆಗಲಿಲ್ಲ, ನಿಜ. ಆದರೆ ಅವರು ಅತ್ತ ಹೋಗುತ್ತಲೇ ಆ ಪಚಡಿಯನ್ನು ನಾನು ತಿಪ್ಪೆಗೆ ಸುರಿದು ಮೇಲೆ ಮಣ್ಣೆಳೆದೆ.

ಈ ವರ್ಷ ಖಾಲಾ ತಮ್ಮ ಸಸಿಗಳನ್ನೂ ನನ್ನ ಮುಂದೆ ತಂದಿಟ್ಟರು. "ನಮ್ಮ ಹಿತ್ತಲದಾಗೂ ನೀನ ಹಚ್ಚವಾ."

ಸಸಿಗಳನ್ನು ಎತ್ತಿಕೊಂಡೆ. ಹೋಗಿ ನೆಟ್ಟು ಬಂದೆ.