ಬೀಗ ಹಾಕಿದ ಕೈ

ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಆಕೆಯನ್ನು ಎಲ್ಲರೂ ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ. ಆದರೆ ಮನೆ ಬಿಟ್ಟು ನಾಲ್ಕು ಹೆಜ್ಜೆ ನಡೆದರೆ ಸಾಕು, ಬೀಗ ಹಾಕಿದೆನೋ ಇಲ್ಲವೋ ಎಂಬ ಹುಳ ತಲೆ ಕೊರೆಯುತ್ತಿತ್ತು. ಹೀಗೆ ವಾಪಸ್ ಓಡಿ ಓಡಿ, ಮಗಳ ಊರಿಗೆ ದಿನಕ್ಕೊಂದೇ ಇದ್ದ ಬಸ್ಸನ್ನು ಎರಡು ಸಲ ತಪ್ಪಿಸಿಕೊಂಡಿದ್ದಳು. ಮೊಮ್ಮಗಳಿಗೆ ಆಗಲೇ ಮೂರು ತಿಂಗಳು. ಇನ್ನೂ ಮುಖ ನೋಡಿರಲಿಲ್ಲ.

ಇದಕ್ಕೆ ಮದ್ದು ಕೇಳಲು ಹೋದಾಗ ಆಸ್ಪತ್ರೆಯ ನರ್ಸಮ್ಮ, ಕಣ್ಣು ಮುಚ್ಚಿ ಕೂತು ಉಸಿರನ್ನೇ ಗಮನಿಸಲು ಹೇಳಿಕೊಟ್ಟಳು. ಗುಂಡಿಯಕ್ಕ ಕೂತಲ್ಲೇ ಗೊರಕೆ ಹೊಡೆದಳು.

"ಇದೇನಾ ನಿನ್ನ ಧ್ಯಾನ? ಇದನ್ನ ನಾನು ದಿನಾ ಮಾಡ್ತೀನಲ್ಲಕ್ಕಾ," ಎಂದು ಜೊತೆಗಿದ್ದ ತಂಗಿ ನಕ್ಕಳು.

ಮರುದಿನ ಗುಂಡಿ ಹೊಲಿಯುವಾಗ ಆಕೆಗೆ ಹೊಳೆಯಿತು. ಸೂಜಿ ಹಿಡಿದಾಗ ಮನಸ್ಸು ಎಲ್ಲಿಗೂ ಓಡುವುದಿಲ್ಲ, ಓಡಿದರೆ ಬೆರಳಿಗೆ ಚುಚ್ಚುತ್ತದೆ. ಬೀಗವನ್ನೂ ಸೂಜಿಯ ಹಾಗೇ ಹಿಡಿದರಾಯಿತು.

ಮೂರನೆಯ ಸಲ ಹೊರಟ ಬೆಳಿಗ್ಗೆ ಆಕೆ ಅವಸರ ಮಾಡಲಿಲ್ಲ. ಕೀಲಿಯ ತಣ್ಣನೆ ಮೈ, ತಿರುಗುವಾಗಿನ ಬಿಗಿ, ಕಟಕ್ ಎಂಬ ಸದ್ದು, ಎಳೆದು ನೋಡಿದಾಗ ಅಂಗೈಗೆ ತಾಗಿದ ಭಾರ, ಎಲ್ಲವನ್ನೂ ಗಮನಿಸಿದಳು.

ಬಸ್ಸು ಬರುವುದು ಕಾಣುತ್ತಲೇ, ಜೊತೆಗೆ ಹೊರಟಿದ್ದ ತಂಗಿ ಕೆಣಕಿದಳು: "ಅಕ್ಕಾ, ಬೀಗ ಹಾಕಿದ್ಯಾ? ಹೋಗಿ ನೋಡ್ಕೊಂಡು ಬರ್ತೀಯಾ?"

ಗುಂಡಿಯಕ್ಕ ಮನೆಯ ಕಡೆ ತಿರುಗಿದವಳು ನಿಂತಳು. ಆಕೆ ಅಂಗೈ ನೋಡಿಕೊಂಡಳು. ಬೀಗದ ಭಾರ ಇನ್ನೂ ಅಲ್ಲೇ ಇತ್ತು.

"ಹಾಕಿದೀನಿ ಕಣೇ. ಹಾಕುವಾಗ ನಾನು ಅಲ್ಲೇ ಇದ್ದೆ."

ಹಾಗೆಂದವಳೇ ತಂಗಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದಳು. ಮಧ್ಯಾಹ್ನ ಮೊಮ್ಮಗಳು, ಗುಂಡಿ ಹೊಲಿದು ಒರಟಾದ ಅಜ್ಜಿಯ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೇ ಇಲ್ಲ.